ಹೊಸ ನಾಯಿಮರಿ ಮಾತು ಕೇಳ್ತಿಲ್ವಾ? ಲಕ್ಷಣ ನೋಡಿ ಕಾರಣ ಹುಡುಕಿ

ಮರಿ ಮನೆಗೆ ಬಂದು ಒಂದು ವಾರ ಆಗಿರುತ್ತದೆ. ಹಾಲ್ ತುಂಬ ಉಚ್ಚೆ, ಕೈ ತುಂಬ ಹಲ್ಲಿನ ಗೀರು, ರಾತ್ರಿ ಯಾರಿಗೂ ನಿದ್ದೆ ಇಲ್ಲ. ಅಷ್ಟರಲ್ಲಿ ಮನೆಯವರಲ್ಲಿ ಒಬ್ಬರು ತೀರ್ಪು ಕೊಟ್ಟೂ ಆಗಿರುತ್ತದೆ: "ಈ ಮರಿ ಮಹಾ ಹಠಮಾರಿ." ಎರಡು ತಿಂಗಳ ಮರಿಗೆ ಹಠ ಮಾಡುವಷ್ಟು ಪುರುಸೊತ್ತು ಎಲ್ಲಿರುತ್ತದೆ ಹೇಳಿ. ಅದು ಹಸಿವು, ನಿದ್ದೆ, ಉಚ್ಚೆ, ಭಯ, ಹಲ್ಲಿನ ನವೆ ಇಷ್ಟರಲ್ಲೇ ಮುಳುಗಿರುತ್ತದೆ.

ಕಾರಣ ಹುಡುಕುವಾಗ ಒಂದು ಸಾಲು ಹಿಡಿಯಿರಿ. ಮೊದಲು ಆರೋಗ್ಯ, ಆಮೇಲೆ ವಯಸ್ಸು, ಆಮೇಲೆ ಹೊತ್ತು, ಆಮೇಲೆ ಮನೆಯವರ ನಡವಳಿಕೆ. ಮರಿಯ ಸ್ವಭಾವದ ಮೇಲೆ ತಪ್ಪು ಹೊರಿಸುವುದು ಎಲ್ಲಕ್ಕಿಂತ ಕೊನೆಗೆ. ಇದಕ್ಕೆ ಬೇಕಾಗುವುದು ಗೋಡೆ ಕ್ಯಾಲೆಂಡರ್ ಮತ್ತು ಒಂದು ಪೆನ್ನು. ಮರಿ ಎಷ್ಟು ಹೊತ್ತಿಗೆ ತಿಂದಿತು, ಮಲಗಿತು, ಎದ್ದಿತು, ಎಲ್ಲಿ ಉಚ್ಚೆ ಮಾಡಿತು ಅಂತ ಎರಡು ಮೂರು ದಿನ ಗೀಚಿಡಿ. ಅರ್ಧ ಸಮಸ್ಯೆ ಆ ಗೀಚಿನಲ್ಲೇ ಕಣ್ಣಿಗೆ ಬೀಳುತ್ತದೆ.

ಇವು ಕಂಡರೆ ತರಬೇತಿ ಪಕ್ಕಕ್ಕಿಡಿ, ಮೊದಲು ಡಾಕ್ಟರ ಹತ್ತಿರ ಹೋಗಿ

ವಾಂತಿ, ಭೇದಿ, ಊಟ ಬೇಡ, ಮೂಲೆ ಹಿಡಿದು ಮಲಗಿದೆ. ಭೇದಿಯಲ್ಲಿ ರಕ್ತ, ಕೆಟ್ಟ ವಾಸನೆ. ಇದು ಪಾರ್ವೋ ಅನ್ನುವ ವೈರಸ್ ರೋಗ ಆಗಿರಬಹುದು. "ನಾಳೆ ನೋಡೋಣ" ಅನ್ನುವ ರೋಗ ಇದಲ್ಲ. ಲಸಿಕೆ ಪೂರ್ತಿ ಆಗದ ಮರಿ ಎರಡು ಮೂರು ದಿನದಲ್ಲೇ ಕೈತಪ್ಪಿ ಹೋಗಬಹುದು. ಅದೇ ದಿನ ಕರೆದುಕೊಂಡು ಹೋಗಿ.

ಐದು ನಿಮಿಷಕ್ಕೊಮ್ಮೆ ತೊಟ್ಟು ತೊಟ್ಟು ಉಚ್ಚೆ, ಮಾಡುವಾಗ ತಿಣುಕುವುದು, ಉಚ್ಚೆಯಲ್ಲಿ ರಕ್ತ: ಮೂತ್ರದ ಸೋಂಕು ಇರಬಹುದು. ನಿನ್ನೆವರೆಗೆ ಮುದ್ದು ಮಾಡಿಸಿಕೊಳ್ಳುತ್ತಿದ್ದ ಮರಿ ಇವತ್ತು ಮುಟ್ಟಿದರೆ ಗುರ್ ಅನ್ನುತ್ತಿದ್ದರೆ ಎಲ್ಲೋ ನೋವಿದೆ. ಕಿವಿ, ಪಾದ, ಹೊಟ್ಟೆ ನೋಡಿಸಿ.

ಲಸಿಕೆಯ ಲೆಕ್ಕ ಇಷ್ಟು. 6 ರಿಂದ 8 ವಾರಕ್ಕೆ ಮೊದಲ ಡೋಸ್. ಆಮೇಲೆ 3-4 ವಾರಕ್ಕೊಮ್ಮೆ, ಸುಮಾರು 16 ವಾರ ಆಗುವವರೆಗೆ. ರೇಬೀಸ್ ಲಸಿಕೆ ಸಾಮಾನ್ಯವಾಗಿ 3 ತಿಂಗಳಿಗೆ. ಜಂತುಹುಳುವಿನ ಔಷಧಿ ಎಷ್ಟು, ಯಾವಾಗ ಅನ್ನುವುದು ಮರಿಯ ತೂಕದ ಮೇಲೆ ಡಾಕ್ಟರೇ ಹೇಳಬೇಕು. ಪಕ್ಕದ ಮನೆ ಲ್ಯಾಬ್ರಡಾರಿಗೆ ಕೊಟ್ಟ ಡೋಸ್ ನಿಮ್ಮ ಮರಿಗೆ ಆಗಿಬರುವುದಿಲ್ಲ.

ಲಕ್ಷಣ: ಮನೆಯೊಳಗೇ ಉಚ್ಚೆ ಮಾಡುತ್ತದೆ

ದೂರುಗಳಲ್ಲಿ ಇದೇ ದೊಡ್ಡದು. ಸುಲಭವಾಗಿ ಸರಿಹೋಗುವುದೂ ಇದೇ.

ಮೊದಲು ವಯಸ್ಸು ನೋಡಿ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ. ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಮೂರು ಗಂಟೆ, ಅದೂ ಮಲಗಿದ್ದಾಗ. ಎಚ್ಚರವಾಗಿ ಆಡುತ್ತಿದ್ದರೆ ಅರ್ಧ ಮುಕ್ಕಾಲು ಗಂಟೆಗೇ ಬರುತ್ತದೆ. ಅಂದರೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹೊರಗೆ ಬಿಟ್ಟು "ಕಲೀತಿಲ್ಲ" ಅಂದರೆ ಮರಿ ಏನು ಮಾಡಬೇಕು?

ಹೊತ್ತು ಹಿಡಿಯಿರಿ. ಎದ್ದ ತಕ್ಷಣ, ತಿಂದು ಹತ್ತು ಹದಿನೈದು ನಿಮಿಷಕ್ಕೆ, ಆಟದ ನಡುವೆ ಒಮ್ಮೆಲೇ ನೆಲ ಮೂಸಿ ಸುತ್ತು ಹಾಕಲು ಶುರು ಮಾಡಿದಾಗ, ರಾತ್ರಿ ಮಲಗುವ ಮುಂಚೆ. ಪ್ರತಿ ಸಲವೂ ಅದೇ ಜಾಗಕ್ಕೆ ಕರೆದೊಯ್ಯಿರಿ. ಮಾಡಿ ಮುಗಿಸಿದ ಕೂಡಲೇ, ಅಲ್ಲೇ, ಹೊಗಳಿ ಒಂದು ಚೂರು ತಿಂಡಿ ಕೊಡಿ. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಒಳಗೆ ಬಂದಿದ್ದಕ್ಕೆ ಕೊಟ್ಟರು ಅಂತ ತಿಳಿಯುತ್ತದೆ. ಹಾಗಾಗಿ ತಿಂಡಿ ನಿಮ್ಮ ಜೇಬಿನಲ್ಲಿರಲಿ.

ಇಷ್ಟು ಮಾಡಿಯೂ ನಿಲ್ಲದಿದ್ದರೆ ಎಲ್ಲಿ, ಯಾವಾಗ ಮಾಡುತ್ತದೆ ಅಂತ ನೋಡಿ.

*ಹೊರಗೆ ಹೋದಾಗ ಮಾಡಲ್ಲ, ಒಳಗೆ ಕಾಲಿಟ್ಟ ಕೂಡಲೇ ಮಾಡುತ್ತದೆ.* ಹೊರಗೆ ಬೆಕ್ಕು, ಎಲೆ, ಸ್ಕೂಟರ್, ಹುಡುಗರು. ಅದಕ್ಕೆ ಉಚ್ಚೆ ನೆನಪೇ ಆಗುವುದಿಲ್ಲ. ನೀವು ಒಂದೇ ಕಡೆ ನಿಲ್ಲಿ. ಹಗ್ಗ ಗಿಡ್ಡ ಹಿಡಿಯಿರಿ. ಐದು ಹತ್ತು ನಿಮಿಷ ಏನೂ ಮಾತಾಡಬೇಡಿ. ಮಾಡದಿದ್ದರೆ ಒಳಗೆ ತಂದು ತೊಡೆಯ ಮೇಲೆ ಇಟ್ಟುಕೊಳ್ಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಕರೆದೊಯ್ಯಿರಿ. ಇನ್ನೊಂದು ಕಾರಣವೂ ಇದೆ. ಉಚ್ಚೆ ಮಾಡಿದ ತಕ್ಷಣ ನೀವು ಮನೆಗೆ ಎಳೆದು ತರುತ್ತಿದ್ದರೆ, ಮಾಡಿದರೆ ಸುತ್ತಾಟ ಮುಗೀತು ಅಂತ ಅದು ಕಲಿಯುತ್ತದೆ. ಮಾಡಿದ ಮೇಲೆ ಐದು ನಿಮಿಷ ಆಡಿಸಿ ಬನ್ನಿ.

*ಒಂದೇ ಜಾಗದಲ್ಲಿ ಪದೇ ಪದೇ ಮಾಡುತ್ತದೆ.* ವಾಸನೆ ಉಳಿದಿದೆ. ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ಹೋದ ಹಾಗೆ ಅನಿಸುತ್ತದೆ, ನಾಯಿ ಮೂಗಿಗೆ ಹೋಗಿರುವುದಿಲ್ಲ. ಅಮೋನಿಯಾ ಇರುವ ಕ್ಲೀನರ್ ಅಂತೂ ಬೇಡ, ಅದರ ವಾಸನೆಯೇ ಉಚ್ಚೆಯ ಹಾಗಿರುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎನ್ಜೈಮ್ ಕ್ಲೀನರ್ ಒಳ್ಳೆಯದು. ಅದಿಲ್ಲದಿದ್ದರೆ ಸೋಪುನೀರಲ್ಲಿ ಒರೆಸಿ, ಆಮೇಲೆ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿ. ಮಾರ್ಬಲ್ ನೆಲಕ್ಕೆ ವಿನೆಗರ್ ಹಾಕಬೇಡಿ, ಹೊಳಪು ಹೋಗುತ್ತದೆ. ಬ್ಲೀಚ್ ಜೊತೆ ವಿನೆಗರನ್ನಾಗಲಿ, ಟಾಯ್ಲೆಟ್ ಆ್ಯಸಿಡ್ಡನ್ನಾಗಲಿ ಯಾವತ್ತೂ ಬೆರೆಸಬೇಡಿ. ವಿಷದ ಗಾಳಿ ಬರುತ್ತದೆ. ಫಿನಾಯಿಲ್ ಹಾಕಿದ ನೆಲ ಒಣಗುವವರೆಗೆ ಮರಿಯನ್ನು ಬಿಡಬೇಡಿ. ಅದು ಪಾದ ನೆಕ್ಕಿಕೊಳ್ಳುತ್ತದಲ್ಲ.

*ಕಾಲೊರೆಸು, ಜಮಖಾನದ ಮೇಲೇ ಮಾಡುತ್ತದೆ.* ಮೆತ್ತಗಿದ್ದು ಹೀರಿಕೊಳ್ಳುವ ಜಾಗ ಮರಿಗೆ ಇಷ್ಟ. ಎರಡು ತಿಂಗಳು ಅವನ್ನೆಲ್ಲ ಎತ್ತಿಡಿ, ಅಷ್ಟೇ.

*ಲಿಫ್ಟಿನಲ್ಲಿ ಮಾಡಿಬಿಡುತ್ತದೆ.* ಎದ್ದು ನಾಲ್ಕು ಹೆಜ್ಜೆ ನಡೆದರೆ ಸಾಕು, ಉಚ್ಚೆ ಬರುತ್ತದೆ. ಐದನೇ ಮಹಡಿಯಿಂದ ಕೆಳಗಿನವರೆಗೆ ಎತ್ತಿಕೊಂಡೇ ಹೋಗಿ. ಎತ್ತಿಕೊಂಡಿದ್ದಾಗ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ.

*ನೆಂಟರು ಬಂದಾಗ, ಬಾಗಿ ಮುಟ್ಟಿದಾಗ ಹೊಟ್ಟೆ ತೋರಿಸಿ ಉಚ್ಚೆ ಬಿಡುತ್ತದೆ.* ಇದು ಟಾಯ್ಲೆಟ್ ತರಬೇತಿಯ ತೊಂದರೆ ಅಲ್ಲವೇ ಅಲ್ಲ. ಭಯ, ಮರ್ಯಾದೆ, ಖುಷಿ ಎಲ್ಲ ಸೇರಿ ಆಗುವುದು. ಬೈದರೆ ಜಾಸ್ತಿ ಆಗುತ್ತದೆ. ಬಂದವರು ಪಕ್ಕಕ್ಕೆ ತಿರುಗಿ ಕೆಳಗೆ ಕೂರಲಿ, ತಲೆ ಸವರದೆ ಕೈ ಚಾಚಿ ಸುಮ್ನೆ ಇರಲಿ. ಬೆಳೆದ ಹಾಗೆ ಹೆಚ್ಚಿನ ಮರಿಗಳಿಗೆ ಬಿಟ್ಟುಹೋಗುತ್ತದೆ.

*ಸೋಫಾ ಹಿಂದೆ, ಮಂಚದ ಕೆಳಗೆ ಕದ್ದು ಮಾಡುತ್ತದೆ.* ಇಲ್ಲಿ ಮನೆಯವರನ್ನು ವಿಚಾರಿಸಬೇಕು. ಯಾರೋ ಉಚ್ಚೆಗೆ ಅದರ ಮೂತಿ ಉಜ್ಜಿದ್ದಾರೆ, ಇಲ್ಲವೇ ಪೇಪರ್ ಸುತ್ತಿ ಹೊಡೆದಿದ್ದಾರೆ. ಹತ್ತು ನಿಮಿಷ ಹಿಂದೆ ಮಾಡಿದ್ದಕ್ಕೂ ಈಗ ಬೀಳುವ ಏಟಿಗೂ ಮರಿ ಸಂಬಂಧ ಕಟ್ಟುವುದಿಲ್ಲ. "ಇವರ ಎದುರಿಗೆ ಉಚ್ಚೆ ಮಾಡಿದರೆ ಅಪಾಯ" ಅಂತ ಮಾತ್ರ ಕಲಿಯುತ್ತದೆ. ಆಮೇಲೆ ಹೊರಗೆ ಹಗ್ಗ ಹಿಡಿದು ನಿಂತರೂ ನಿಮ್ಮ ಎದುರಿಗೆ ಮಾಡುವುದಿಲ್ಲ. "ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ" ಅನ್ನುತ್ತಾರಲ್ಲ, ಆ ಮುಖ ನಿಮ್ಮ ದನಿಗೆ ಹೆದರಿದ ಮುಖ.

ಮಳೆಗಾಲದಲ್ಲಿ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಇನ್ನೊಂದು ಕಷ್ಟ. ಒದ್ದೆ ಹುಲ್ಲಿಗೆ ಮರಿ ಕಾಲೇ ಇಡುವುದಿಲ್ಲ. ಸೂರಿನ ಕೆಳಗೆ ಒಂದು ಕಡೆ ಮರಳು ಹಾಕಿಡಿ, ಇಲ್ಲವೇ ಹಳೇ ಗೋಣಿಚೀಲ ಹಾಸಿ. ಮಳೆ ನಿಂತ ಮೇಲೆ ಅದನ್ನೇ ಸ್ವಲ್ಪ ಸ್ವಲ್ಪ ಅಂಗಳಕ್ಕೆ ಸರಿಸುತ್ತಾ ಹೋಗಿ.

ಉಚ್ಚೆ ಕಡಿಮೆ ಆಗಲಿ ಅಂತ ಹಗಲಲ್ಲಿ ನೀರು ಕೊಡದೆ ಇರಬೇಡಿ. ಊಟದ ಹೊತ್ತು ಮಾತ್ರ ಕಟ್ಟುನಿಟ್ಟಾಗಿರಲಿ. ಸಣ್ಣ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ, ಅದೇ ಹೊತ್ತಿಗೆ. ಒಳಗೆ ಹೋಗುವ ಹೊತ್ತು ನಿಗದಿ ಆದರೆ ಹೊರಗೆ ಬರುವ ಹೊತ್ತೂ ನಿಗದಿ ಆಗುತ್ತದೆ.

ಲಕ್ಷಣ: ಕೈ, ಕಾಲು, ಸೀರೆ ಸೆರಗು ಕಚ್ಚುತ್ತದೆ

ಮರಿಗಳು ಒಂದನ್ನೊಂದು ಕಚ್ಚಿಕೊಂಡೇ ಆಡುತ್ತವೆ. ಕಚ್ಚುವುದು ಜೋರಾದರೆ ಇನ್ನೊಂದು ಮರಿ ಕುಂಯ್ ಅಂದು ಆಟ ಬಿಟ್ಟು ಹೋಗುತ್ತದೆ. ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಮರಿ ಹಾಗೇ ಕಲಿಯುವುದು. ತಾಯಿಯಿಂದ ಬೇಗ ಬಿಡಿಸಿದ ಮರಿಗೆ ಈ ಪಾಠ ಸಿಕ್ಕಿರುವುದಿಲ್ಲ. ಆರು ವಾರಕ್ಕೇ ಮರಿ ಮಾರುವವರ ಹತ್ತಿರ ತಂದಿದ್ದರೆ ನಿಮ್ಮ ಪಾಲಿಗೆ ಕೆಲಸ ಸ್ವಲ್ಪ ಜಾಸ್ತಿ. ಎಂಟು ವಾರಕ್ಕೆ ಮುಂಚೆ ಮರಿ ಕೊಡುತ್ತೇನೆ ಅನ್ನುವವರಿಂದ ತರದೇ ಇರುವುದು ಮೇಲು.

ಖರ್ಚಿಲ್ಲದ ಮೊದಲ ಪರೀಕ್ಷೆ: ಗಡಿಯಾರ ನೋಡಿ. ಸಂಜೆ ಆರೇಳರ ಹೊತ್ತಿಗೇ ಹುಚ್ಚು ಹಿಡಿದ ಹಾಗೆ ಓಡುತ್ತಾ ಕಚ್ಚುತ್ತದೆಯಾ? ಹಾಗಿದ್ದರೆ ಅದಕ್ಕೆ ನಿದ್ದೆ ಸಾಲದು. ಈ ವಯಸ್ಸಿನ ಮರಿ ದಿನಕ್ಕೆ 18 ರಿಂದ 20 ಗಂಟೆ ಮಲಗಬೇಕು. ಮಕ್ಕಳು ಶಾಲೆಯಿಂದ ಬಂದು, ಆಮೇಲೆ ಪಕ್ಕದ ಮನೆ ಮಕ್ಕಳು ಬಂದು, ಎಲ್ಲರೂ ಎತ್ತಿ ಆಡಿಸಿ, ಅದಕ್ಕೆ ಮಲಗಲು ಬಿಟ್ಟೇ ಇರುವುದಿಲ್ಲ. ನಿದ್ದೆಗೆಟ್ಟ ಮಗು ರಚ್ಚೆ ಹಿಡಿದ ಹಾಗೆ ಅದು ಕಚ್ಚುತ್ತದೆ. ಒಂದು ಗಂಟೆ ಎಚ್ಚರ ಇದ್ದರೆ ಒಂದೆರಡು ಗಂಟೆ ಮಲಗಿಸಿ. ಮಂದ ಬೆಳಕು, ಸದ್ದಿಲ್ಲದ ಮೂಲೆ, ಕಡಿಯಲು ಒಂದು ಆಟಿಕೆ. ನನ್ನ ಕೇಳಿದರೆ, ಕಚ್ಚುವ ಮರಿಗೆ ತರಬೇತಿ ಶುರು ಮಾಡುವ ಮುಂಚೆ ಮೂರು ದಿನ ನಿದ್ದೆ ಸರಿ ಮಾಡಿ ನೋಡಿ ಅಂತಲೇ ಹೇಳುತ್ತೇನೆ.

ನಿದ್ದೆ ಸರಿ ಇದ್ದೂ ಕಚ್ಚಿದರೆ ಆಟ ನಿಲ್ಲಿಸಿ. ಕೈ ಎಳೆದುಕೊಳ್ಳಬೇಡಿ, ಎಳೆದರೆ ಬೇಟೆ ಓಡಿದ ಹಾಗೆ ಅನಿಸಿ ಇನ್ನೂ ಜೋರಾಗಿ ಹಿಡಿಯುತ್ತದೆ. ಕೈ ಸಡಿಲ ಬಿಟ್ಟು ಸುಮ್ಮನಾಗಿ. ಬಿಟ್ಟ ಮೇಲೆ ಎದ್ದು ಅರ್ಧ ನಿಮಿಷ ಪಕ್ಕದ ಕೋಣೆಗೆ ಹೋಗಿ. ಮತ್ತೆ ಬಂದು ಆಟಿಕೆ ಕೊಟ್ಟು ಆಡಿ. ಸೀರೆ, ಲುಂಗಿ, ದುಪಟ್ಟಾ ಹಿಡಿದರೂ ಅಷ್ಟೇ, ನಿಂತುಬಿಡಿ. ಮೂತಿ ಒತ್ತಿ ಹಿಡಿಯುವುದು, ಮೂಗಿಗೆ ತಟ್ಟುವುದು ಬೇಡ. ಮುಖದ ಹತ್ತಿರ ಬರುವ ಕೈಗೆ ಹೆದರುವ ನಾಯಿ ಮುಂದೆ ಮಾತ್ರೆ ನುಂಗಿಸಲೂ ಬಿಡುವುದಿಲ್ಲ.

ಮನೆಯವರೆಲ್ಲ ಹೀಗೇ ಮಾಡಬೇಕು. ಅಪ್ಪ ಒಬ್ಬರು ಕೈಯನ್ನೇ ಆಟಿಕೆ ಮಾಡಿ ಕಚ್ಚಿಸಿಕೊಂಡು ನಗುತ್ತಿದ್ದರೆ ಉಳಿದವರ ಶ್ರಮ ನೀರಿಗೆ ಹೋಯಿತು. ಐದಾರು ವರ್ಷದೊಳಗಿನ ಮಕ್ಕಳನ್ನು ಮರಿ ಜೊತೆ ಒಂಟಿಯಾಗಿ ಬಿಡಬೇಡಿ, ಎರಡೂ ಕಡೆಗೆ ಒಳ್ಳೆಯದು.

*ಇಲ್ಲಿ ಗಮನ ಇರಲಿ.* ಆಟದ ಕಚ್ಚುವಿಕೆಯಲ್ಲಿ ಮೈ ಸಡಿಲ, ಬಾಲ ಕುಣಿಯುತ್ತಿರುತ್ತದೆ. ಊಟದ ತಟ್ಟೆ ಹತ್ತಿರ ಹೋದರೆ ಮೈ ಬಿಗಿಯಾಗಿ, ಕಣ್ಣು ನೆಟ್ಟು, ಗಂಟಲಲ್ಲೇ ಗುರ್ ಅಂದರೆ ಅದು ಬೇರೆ. ತಟ್ಟೆ ಕಿತ್ತುಕೊಂಡು "ಯಜಮಾನ ಯಾರು" ಅಂತ ತೋರಿಸಲು ಹೋಗಬೇಡಿ. ದೂರದಿಂದಲೇ ಒಂದು ಚೂರು ಕೋಳಿ ತಟ್ಟೆಗೆ ಎಸೆದು ಸರಿದುಬಿಡಿ. ನೀವು ಬಂದರೆ ಊಟ ಜಾಸ್ತಿ ಆಗುತ್ತದೆ ಅಂತ ಅದಕ್ಕೆ ಅನಿಸಲಿ. ಒಂದೆರಡು ವಾರದಲ್ಲಿ ಕಡಿಮೆ ಆಗದಿದ್ದರೆ ನುರಿತವರಿಗೆ ತೋರಿಸಿ.

ಹಲ್ಲು ತಾಗಿ ಚರ್ಮ ಕಿತ್ತು ರಕ್ತ ಬಂದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬೇಡಿ. ಅದೇ ದಿನ ಡಾಕ್ಟರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲೂ ರೇಬೀಸ್ ಲಸಿಕೆ ಸಿಗುತ್ತದೆ. "ಮನೆ ಮರಿ ತಾನೇ" ಅಂತ ನೀವೇ ತೀರ್ಮಾನ ಮಾಡಬೇಡಿ. ಲಸಿಕೆ ಆಗದ, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಮರಿಗೂ ರೇಬೀಸ್ ಇರಬಹುದು. ರೋಗದ ಲಕ್ಷಣ ಶುರುವಾದ ಮೇಲೆ ಉಳಿಸುವ ಮದ್ದಿಲ್ಲ.

ಲಕ್ಷಣ: ಚಪ್ಪಲಿ, ವೈರು, ಕುರ್ಚಿ ಕಾಲು ಕಡಿಯುತ್ತದೆ

ಮರಿಗೆ 28 ಹಾಲುಹಲ್ಲು. ಮೂರೂವರೆ ನಾಲ್ಕು ತಿಂಗಳಿಗೆ ಅವು ಬೀಳಲು ಶುರುವಾಗುತ್ತವೆ. ಆರೇಳು ತಿಂಗಳ ಹೊತ್ತಿಗೆ 42 ಹೊಸ ಹಲ್ಲು ಬಂದಿರುತ್ತವೆ. ಆ ಮಧ್ಯೆ ವಸಡು ನವೆಯೋ ನವೆ. ಆಟಿಕೆಯ ಮೇಲೆ ಚೂರು ರಕ್ತ ಕಂಡರೆ ಗಾಬರಿ ಬೇಡ. ಬಟ್ಟೆಯನ್ನು ಒದ್ದೆ ಮಾಡಿ ಗಂಟು ಕಟ್ಟಿ ಫ್ರಿಡ್ಜಿನಲ್ಲಿಟ್ಟು ಕೊಡಿ. ತಣ್ಣಗಿನ ಕ್ಯಾರೆಟ್ ಕೂಡ ಆಗುತ್ತದೆ, ನೀವು ಎದುರಿಗಿದ್ದರೆ.

ಚಪ್ಪಲಿಯನ್ನು ಗೂಡಿನೊಳಗೆ ಹಾಕಿ. ವೈರುಗಳನ್ನು ಮೇಲಕ್ಕೆ ಕಟ್ಟಿ. ಇದಕ್ಕಿಂತ ದೊಡ್ಡ ತರಬೇತಿ ಇಲ್ಲಿ ಬೇಕಿಲ್ಲ. ಹಳೇ ಚಪ್ಪಲಿಯನ್ನೇ ಆಟಿಕೆ ಅಂತ ಕೊಡಬೇಡಿ, ಹಳೇದು ಹೊಸದು ಅದಕ್ಕೆ ತಿಳಿಯುವುದಿಲ್ಲ.

ನುಂಗಿಬಿಟ್ಟರೆ ಮಾತ್ರ ವಿಷಯ ಗಂಭೀರ. ಮಾವಿನ ಗೊರಟೆ, ಸಾಕ್ಸ್, ದಾರ, ಬಟನ್ ಬ್ಯಾಟರಿ ನುಂಗಿದ್ದು ಗೊತ್ತಾದರೆ ಲಕ್ಷಣ ಬರಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ. ಬಾಯಿಂದಲೋ ಹಿಂದಿನಿಂದಲೋ ದಾರ ನೇತಾಡುತ್ತಿದ್ದರೆ ಎಳೆಯಬೇಡಿ, ಕರುಳು ಕೊಯ್ಯಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ. ಅಡುಗೆಮನೆಯಲ್ಲಿ ದೂರ ಇಡಬೇಕಾದವು: ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ, ಬೇಯಿಸಿದ ಮೂಳೆ, ಜೈಲಿಟಾಲ್ ಹಾಕಿದ ಸಕ್ಕರೆರಹಿತ ಚ್ಯೂಯಿಂಗ್ ಗಮ್. ಅಂದರೆ ಹಬ್ಬದ ದಿನದ ಪಾಯಸ, ಕೇಸರಿಬಾತ್, ಈರುಳ್ಳಿ ಹಾಕಿದ ಉಪ್ಪಿಟ್ಟು ಕೊಡಬೇಡಿ. ಅಜ್ಜಿ ಪ್ರೀತಿಯಿಂದ ಕೊಟ್ಟರೂ ಬೇಡ.

ಲಕ್ಷಣ: ರಾತ್ರಿಯೆಲ್ಲ ಅಳುತ್ತದೆ

ನಿನ್ನೆವರೆಗೆ ಅಮ್ಮ, ಅಣ್ಣ ತಮ್ಮಂದಿರ ಮೈಗೆ ಅಂಟಿಕೊಂಡು ಮಲಗಿದ್ದು. ಇವತ್ತು ಕತ್ತಲೆ ವರಾಂಡದಲ್ಲಿ ಒಂದೇ. ಅತ್ತು ಅತ್ತು ತಾನೇ ಸುಮ್ಮನಾಗಲಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸುಮ್ಮನಾಗುವುದು ನಿಜ, ಒಂಟಿತನದ ಹೆದರಿಕೆ ಉಳಿದುಬಿಡುತ್ತದೆ. ಮೊದಲ ವಾರ ನಿಮ್ಮ ಹಾಸಿಗೆ ಪಕ್ಕ ಎತ್ತರದ ರಟ್ಟಿನ ಡಬ್ಬದಲ್ಲೋ ಕ್ರೇಟಿನಲ್ಲೋ ಮಲಗಿಸಿ. ಅತ್ತಾಗ ಕೈ ಇಳಿಬಿಟ್ಟರೆ ಸಾಕು. ಆಮೇಲೆ ದಿನಕ್ಕಿಷ್ಟು ದೂರ ಸರಿಸಿ.

ಮಲಗಿ ಎರಡು ಮೂರು ಗಂಟೆ ಆದಮೇಲೆ ಅತ್ತರೆ ಅದು ಉಚ್ಚೆಗೆ. ಲೈಟ್ ಹಾಕದೆ, ಮಾತಾಡದೆ ಕರೆದೊಯ್ದು ತಂದು ಮಲಗಿಸಿ. ಮಧ್ಯರಾತ್ರಿ ಮುದ್ದು ಮಾಡಿದಿರೋ, ನಾಳೆಯಿಂದ ಅದೇ ಹೊತ್ತಿಗೆ ಅಲಾರಂ ಬಾರಿಸುತ್ತದೆ.

ಲಕ್ಷಣ: ಕರೆದರೆ ತಿರುಗಿಯೂ ನೋಡಲ್ಲ

ಮೊದಲು ಕಿವಿ ಪರೀಕ್ಷೆ. ಮರಿ ಬೇರೆ ಕಡೆ ನೋಡುತ್ತಿದ್ದಾಗ ಹಿಂದಿನಿಂದ ಪ್ಲಾಸ್ಟಿಕ್ ಕವರ್ ಪರಪರ ಅನ್ನಿಸಿ. ಕಿವಿ ನಿಮಿರಿದರೆ ಸರಿ. ಡಾಲ್ಮೇಷನ್ ಮತ್ತು ಪೂರ್ತಿ ಬಿಳಿ ಬಣ್ಣದ ಕೆಲವು ಮರಿಗಳಿಗೆ ಹುಟ್ಟಿನಿಂದಲೇ ಕಿವುಡು ಇರುವುದುಂಟು.

ಕಿವಿ ಸರಿ ಇದ್ದರೆ ಮನೆಯವರ ಕಡೆ ತಿರುಗಿ. ಅದರ ಹೆಸರು ಏನು? ಒಬ್ಬರು ಬ್ರೂನೋ, ಒಬ್ಬರು ಬುನ್ನಿ, ಅಜ್ಜಿ ರಾಜ, ಮಗಳು ಪುಟ್ಟು. ಒಬ್ಬರು "ಕೂತ್ಕೋ", ಇನ್ನೊಬ್ಬರು "ಸಿಟ್", ವಾಚ್‌ಮನ್ "ಬೈಠ್". ಒಂದು ಹೆಸರು, ಒಂದು ಕೆಲಸಕ್ಕೆ ಒಂದೇ ಮಾತು ಅಂತ ಚೀಟಿ ಬರೆದು ಫ್ರಿಡ್ಜಿಗೆ ಅಂಟಿಸಿ. ಕನ್ನಡದಲ್ಲೇ ಇರಲಿ ಅಂತ ನನ್ನಾಸೆ, ನಾಯಿಗೆ ಯಾವುದಾದರೂ ಒಂದೇ.

ಆಮೇಲೆ, ಕರೆದ ಮೇಲೆ ಏನಾಗುತ್ತದೆ ಅಂತ ಯೋಚಿಸಿ. ಕರೆದು ಬೈದರು, ಕರೆದು ಸ್ನಾನ ಮಾಡಿಸಿದರು, ಕರೆದು ಕಟ್ಟಿಹಾಕಿದರು. ಮತ್ತೆ ಯಾಕೆ ಬರುತ್ತದೆ? ಹೆಸರು ಹೇಳಿ, ತಿರುಗಿದ ಕ್ಷಣ ಉಗುರಿನಷ್ಟು ತಿಂಡಿ. ಬೇಯಿಸಿದ ಕೋಳಿ, ಮೊಟ್ಟೆ, ಪನೀರ್, ಸಪ್ಪೆ ಇಡ್ಲಿ ಚೂರು, ಯಾವುದಕ್ಕೆ ಬಾಯಿ ಬಿಡುತ್ತದೋ ಅದು. ದಿನಕ್ಕೆ ಮೂರು ನಾಲ್ಕು ಸಲ, ಎರಡೆರಡೇ ನಿಮಿಷ. ಒಳಗೆ ಸರಿಯಾಗಿ ಬಂದ ಮೇಲೆ ಅಂಗಳ, ಆಮೇಲೆ ಉದ್ದ ಹಗ್ಗ ಕಟ್ಟಿ ಹೊರಗೆ. ಮುಧೋಳ ಮರಿ ಸಾಕಿದವರು ಒಂದು ಮಾತು ನೆನಪಿಡಿ. ಅದು ಕಣ್ಣಿಂದ ಬೇಟೆಯಾಡುವ ತಳಿ. ಓಡುವ ಬೆಕ್ಕು ಕಂಡರೆ ನಿಮ್ಮ ದನಿ ಅದಕ್ಕೆ ಕೇಳಿಸುವುದಿಲ್ಲ. ರಸ್ತೆ ಪಕ್ಕ ಹಗ್ಗ ಬಿಚ್ಚಲೇಬೇಡಿ.

ಲಕ್ಷಣ: ಹಗ್ಗ ಹಾಕಿದರೆ ಕೂತುಬಿಡುತ್ತದೆ, ಸದ್ದಿಗೆ ಹೆದರುತ್ತದೆ

ಕೂತುಬಿಟ್ಟರೆ ಎಳೆಯಬೇಡಿ. ಮನೆಯೊಳಗೇ ಬೆಲ್ಟ್ ಹಾಕಿ ಊಟ ಕೊಡಿ, ಎರಡು ದಿನ ಹಗುರ ಹಗ್ಗ ಎಳೆದುಕೊಂಡು ಓಡಾಡಲಿ, ನಿಮ್ಮ ಕಣ್ಣೆದುರಿಗೆ. ಬಿಸಿಲಲ್ಲಿ ಕೂತುಬಿಟ್ಟರೆ ನೆಲ ಮುಟ್ಟಿ ನೋಡಿ. ಅಂಗೈ ಹಿಂಭಾಗ ಐದಾರು ಸೆಕೆಂಡು ಇಡಲು ಆಗದಿದ್ದರೆ ಅದರ ಪಾದವೂ ಸುಡುತ್ತದೆ.

ಕುಕ್ಕರ್ ಸೀಟಿ, ಮಿಕ್ಸಿ, ಆಟೋ ಸದ್ದಿಗೆ ಅಡಗಿಕೊಳ್ಳುವ ಮರಿಯ ವಿಷಯದಲ್ಲಿ ತಡ ಮಾಡಬೇಡಿ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ಹೊಸದನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಲಸಿಕೆ ಮುಗಿಯಲಿ ಅಂತ ನಾಲ್ಕು ತಿಂಗಳು ಒಳಗೇ ಇಟ್ಟರೆ ಆ ಹೊತ್ತು ಜಾರಿಹೋಗುತ್ತದೆ. ನೆಲಕ್ಕೆ ಬಿಡದೆ, ಬೀದಿನಾಯಿ ಓಡಾಡುವ ಕಡೆ ಇಳಿಸದೆ, ಎತ್ತಿಕೊಂಡೇ ತೋರಿಸಿ: ಬಸ್ಸು, ಹೂವಿನವರು, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ತಾತ. ಮಿಕ್ಸಿ ಪಕ್ಕದ ಕೋಣೆಯಲ್ಲಿ ತಿರುಗಲಿ, ಇಲ್ಲಿ ತಿಂಡಿ ಸಿಗಲಿ. ನಡುಗುತ್ತಾ ತಿಂಡಿಯನ್ನೂ ಮುಟ್ಟದಿದ್ದರೆ ಸದ್ದು ತುಂಬಾ ಹತ್ತಿರ ಇದೆ, ದೂರ ಸರಿಯಿರಿ. ದೀಪಾವಳಿಯ ಪಟಾಕಿ ಮಾತ್ರ ಅಭ್ಯಾಸಕ್ಕಲ್ಲ. ಆ ರಾತ್ರಿ ಕಿಟಕಿ ಮುಚ್ಚಿ, ಟಿವಿ ಹಾಕಿ, ಬಾಗಿಲು ಭದ್ರ ಮಾಡಿ.

ಲಕ್ಷಣ: ಎಲ್ಲ ಕಲಿತಿತ್ತು, ಈಗ ಮರೆತುಬಿಟ್ಟಿದೆ

ಉಚ್ಚೆಯ ವಿಷಯವಾದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಆರು ತಿಂಗಳು ದಾಟಿದ್ದರೆ ಹರೆಯ ಶುರುವಾಗಿದೆ. ಗಂಡು ಕಾಲೆತ್ತಿ ಅಲ್ಲಲ್ಲಿ ಗುರುತು ಹಾಕುತ್ತದೆ, ಕರೆದರೆ ಕೇಳದ ಹಾಗಿರುತ್ತದೆ. ಹೊಸ ಶಿಕ್ಷೆ ಬೇಡ. ಎರಡು ತಿಂಗಳಿನ ಮರಿಗೆ ಮಾಡಿದ್ದನ್ನೇ ಒಂದೆರಡು ವಾರ ಮತ್ತೆ ಮಾಡಿ. ಮಕ್ಕಳಾಗದ ಹಾಗೆ ಆಪರೇಷನ್ ಯಾವಾಗ ಮಾಡಿಸಬೇಕು ಅಂತ ಡಾಕ್ಟರ ಜೊತೆ ಮಾತಾಡಲು ಇದು ಸರಿಯಾದ ಹೊತ್ತು.

ಇಷ್ಟೂ ಮಾಡಿ ಆಗಲಿಲ್ಲ ಅಂದರೆ ತರಬೇತಿದಾರರನ್ನು ಕರೆಯಿರಿ. ದುಡ್ಡು ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: "ಮರಿ ತಪ್ಪು ಮಾಡಿದರೆ ನೀವು ಏನು ಮಾಡ್ತೀರಿ?" ಕರೆಂಟ್ ಶಾಕ್ ಪಟ್ಟಿ, ಮುಳ್ಳಿನ ಚೈನು, ಕುತ್ತಿಗೆ ಜಗ್ಗುವುದು, ಎರಡು ವಾರ ತಮ್ಮ ಹತ್ತಿರ ಬಿಟ್ಟು ಹೋಗಿ ಅನ್ನುವುದು ಉತ್ತರದಲ್ಲಿ ಬಂದರೆ ಬೇರೆಯವರನ್ನು ಹುಡುಕಿ. ಪಾಠ ನಿಮ್ಮ ಎದುರಿಗೇ, ನಿಮ್ಮ ಮನೆಯಲ್ಲೇ, ನಿಮ್ಮ ಕೈಯಿಂದಲೇ ಮಾಡಿಸುವವರು ಬೇಕು. ಅವರು ಬಂದಾಗ ಆ ಗೀಚಿದ ಕ್ಯಾಲೆಂಡರನ್ನೂ ತೋರಿಸಿ, ಅವರ ಅರ್ಧ ಗಂಟೆಯ ಪ್ರಶ್ನೆ ಉಳಿಯುತ್ತದೆ.